ಭಾಗಮ್ಮನ ಹೆಸರಿನ ಗಾಜು

ಗುಲಾಮ ದಸ್ತಗೀರ ತೀರಿಕೊಂಡು ನಲವತ್ತೆರಡು ದಿನವಾಯಿತು. ಮೊನ್ನೆ ನಲವತ್ತನೆಯ ದಿನದ ಊಟಕ್ಕೆ ಅವನ ಮನೆಗೆ ಹೋಗಿದ್ದೆ. ನನಗೆಂದು ಬೇರೆ ಒಲೆಯ ಮೇಲೆ ಅನ್ನ, ತೊಗರಿಬೇಳೆ, ಬದನೆಕಾಯಿ ಪಲ್ಯ ಮಾಡಿಸಿದ್ದರು. ಅವನ ಹೆಂಡತಿ ತಾಜುನ್ನಿಸಾ ತಾನೇ ಬಂದು, "ಮಾಸ್ತರ, ಇನ್ನೊಂದು ಸೌಟು ಹಾಕಸ್ಕೋರಿ. ನಿಮ್ಮ ದೋಸ್ತ ಇದ್ದಿದ್ರ ಹಂಗ ಏಳಾಕ ಬಿಡ್ತಿದ್ದಿಲ್ಲ," ಎಂದಳು. ಅವಳು 'ಇದ್ದಿದ್ರ' ಎಂದದ್ದು ಕೇಳಿ ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ. ಅವನು ಇಲ್ಲ ಎಂದು ನನಗೆ ನಿಜವಾಗಿ ತಿಳಿದದ್ದು ಆಗಲೇ ಇರಬೇಕು.

ವಾಡಿಯಲ್ಲಿ ಎಲ್ಲರೂ ಅವನನ್ನು 'ರಕ್ತ ನೋಡೋ ದಸ್ತಗೀರ' ಎನ್ನುತ್ತಿದ್ದರು. ಡಾಕ್ಟರ್ ಶಹಾಬುದ್ದೀನರ ಖಾಸಗಿ ದವಾಖಾನೆಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ಹಿತ್ತಾಳೆಯ ಸೂಕ್ಷ್ಮದರ್ಶಕವಿತ್ತು. ಅದರ ಮುಂದೆ ಅವನು ಇಪ್ಪತ್ತೇಳು ವರ್ಷ ಕುಳಿತ. ಅಷ್ಟು ವರ್ಷಗಳಲ್ಲಿ ಅವನು ನೋಡಿದ ರಕ್ತದಲ್ಲಿ ಒಬ್ಬಳ ಕಥೆಯನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಮಳಖೇಡದ ಭಾಗಮ್ಮನ ಹೆಸರಿನ ಮೇಲೆ ಒಂದು ರೋಗ ತಪ್ಪಿ ಬಂದು ಕೂತಿತ್ತು. ಅದನ್ನು ಅವನು ಮೊದಲು ಕಾಗದದಿಂದ ಇಳಿಸಿದ. ಅವಳ ಮನಸ್ಸಿನಿಂದ ಇಳಿಸಲು ಇನ್ನೂ ಆರು ವರ್ಷ ಹಿಡಿಯಿತು.

ದಸ್ತಗೀರ ಶಹಾಬಾದಿನವನು. ಅವನ ತಂದೆ ನೆಲಕ್ಕೆ ಹಾಸುವ ಅಲ್ಲಿಯ ಪರಸಿಕಲ್ಲಿಗೆ ಹೊಳಪು ಕೊಡುವ ಕೆಲಸ ಮಾಡುತ್ತಿದ್ದರು. ಇವನು ಉರ್ದುವಿನಲ್ಲಿ ಓದಿ, ಹೈದರಾಬಾದಿನಲ್ಲಿ ರಕ್ತಪರೀಕ್ಷೆಯ ತರಬೇತಿ ಪಡೆದು ಬಂದ. ಅಷ್ಟರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ, ಕಚೇರಿ, ಶಾಲೆ ಎಲ್ಲ ಕನ್ನಡವಾಗುತ್ತಿದ್ದವು. ಕನ್ನಡ ಮಾತು ಅವನಿಗೆ ಹುಟ್ಟಿನಿಂದ ಬಂದದ್ದು, ಬರೆಯಲು ಬರುತ್ತಿರಲಿಲ್ಲ. ೧೯೫೮ರಲ್ಲಿ ನಾನು ವಾಡಿಯ ಶಾಲೆಗೆ ಬಂದ ತಿಂಗಳಲ್ಲೇ ಒಂದು ಪಾಟಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದ.

"ನಿಮ್ಮ ಹೆಸರು ಜಯತೀರ್ಥ ಅಂತಲ್ರಿ? ನನಗ ಅ ಆ ಇಂದ ಕಲಸ್ರಿ. ಆದ್ರ ಹುಡುಗೂರ ಜೋಡಿ ಕುಂದ್ರಸಬ್ಯಾಡ್ರಿ, ಮೀಸಿ ಬಂದಾವ."

ಆರು ತಿಂಗಳಲ್ಲಿ ಅವನ ಅಕ್ಷರ ನನ್ನ ಅಕ್ಷರಕ್ಕಿಂತ ದುಂಡಗಾಯಿತು. ಆಮೇಲೆ ರಕ್ತದ ಚೀಟಿಗಳನ್ನು ಕನ್ನಡದಲ್ಲಿ ಬರೆಯಬೇಕೆಂದು ಹಟ ಹಿಡಿದ. ಇಂಗ್ಲಿಷಿನ ಚೀಟಿ ಹಿಡಿದುಕೊಂಡು ಜನ ಪ್ಲಾಟ್‌ಫಾರ್ಮಿನಲ್ಲಿ ಟಿಕೆಟ್ ಕಲೆಕ್ಟರನ ಹತ್ತಿರ ಓದಿಸಿಕೊಳ್ಳುವುದನ್ನು, ಅವನು ಬಾಯಿಗೆ ಬಂದ ಅರ್ಥ ಹೇಳಿ ಅವರನ್ನು ಅಳಿಸುವುದನ್ನು ಇವನು ನೋಡಿದ್ದ. ಸಂಜೆ ಸ್ಟೇಷನ್ನಿನ ಚಹಾದ ಅಂಗಡಿಯಲ್ಲಿ ಕೂತು ನಾವಿಬ್ಬರೂ ಶಬ್ದ ಹುಡುಕುತ್ತಿದ್ದೆವು. ಲ್ಯುಕೋಸೈಟೋಸಿಸ್‌ಗೆ ನಾನು 'ಶ್ವೇತಕಣಾಧಿಕ್ಯ' ಎಂದೆ.

"ಮಾಸ್ತರ, ಇದು ರೋಗಕ್ಕಿಂತ ಭಾರಿ ಆತಲ್ಲ! ಜ್ವರದಾಗಿನ ಮನಶ್ಯಾ ಓದಿ ಅಲ್ಲೇ ಬೀಳ್ತಾನ. 'ಬಿಳಿಕಣ ಹೆಚ್ಚಿಗಿವೆ' ಅಂದ್ರ ಏನು ಕಡಿಮಿ ಆಗ್ತದ?"

ಹಾಗೆಯೇ ಲ್ಯುಕೋಪೀನಿಯಾ 'ಬಿಳಿಕಣ ಕಡಿಮೆ ಇವೆ' ಆಯಿತು. ಇಯೊಸಿನೊಫಿಲ್ ಎಂಬ ಬಿಳಿಕಣದ ಒಳಗೆ ಕೆಂಪು ಹರಳು ಕಾಣುವುದರಿಂದ ಅದಕ್ಕೆ 'ಕೆಂಪುಹರಳಿನ ಕಣ' ಎಂದು ಅವನೇ ಹೆಸರಿಟ್ಟ. ಜಂತುಹುಳ ಇದ್ದವರಿಗೆ, ದಮ್ಮಿನವರಿಗೆ ಅದು ಹೆಚ್ಚುತ್ತಿತ್ತು. ಇನ್ನು ಉರಿಯೂತದ ಮಾತು ಬಂದರೆ ಅವನಿಗೆ ನನ್ನ ಸಹಾಯವೇ ಬೇಕಿರಲಿಲ್ಲ. ಎಲ್ಲಕ್ಕೂ ಬರೀ 'ಬಾವು' ಎಂದು ಬರೆಯುವ ಕಂಪೌಂಡರುಗಳ ಮೇಲೆ ಅವನಿಗೆ ಸಿಟ್ಟು. ಕೀವು ಕಟ್ಟಿದ್ದು ಕೀವುಗಡ್ಡೆ, ಚರ್ಮದ ಕೆಳಗೆ ಹಬ್ಬುತ್ತ ಹೋಗುವುದು ಹರಡುಬಾವು, ಮೇಲೆ ಬಾಯಿ ತೆರೆದದ್ದು ಹುಣ್ಣು. ಕ್ಷಯದಿಂದ ಒಳಗೊಳಗೇ ಗಟ್ಟಿಯಾಗುವ ಗ್ರಾನುಲೋಮಾಕ್ಕೆ 'ಹರಳುಗಂಟು' ಎಂದ. ಲ್ಯುಕೇಮಿಯಾಕ್ಕೆ ಮಾತ್ರ ನಾವು ಬಹಳ ದಿನ ಶಬ್ದ ಮಾಡಲಿಲ್ಲ. ಅಂಥದ್ದು ವಾಡಿಗೆ ಬರಲಿಕ್ಕಿಲ್ಲ ಎಂದುಕೊಂಡಿದ್ದೆವು.

ಅವನು ಕಣ ಎಣಿಸುವ ರೀತಿಯನ್ನು ಹೇಳಬೇಕು. ಬಿಳಿಕಣಗಳಲ್ಲಿ ಐದು ಜಾತಿ. ನೂರು ಬಿಳಿಕಣ ಎಣಿಸಿದರೆ ಯಾವ ಜಾತಿಯವು ಎಷ್ಟು ಎಂದು ಬರೆಯಬೇಕು. ದೊಡ್ಡ ಊರಿನಲ್ಲಿ ಅದಕ್ಕೆ ಗುಂಡಿ ಒತ್ತುವ ಯಂತ್ರವಿತ್ತಂತೆ. ಇವನ ಹತ್ತಿರ ಐದು ಬಟ್ಟಲುಗಳಿದ್ದವು. ಒಂದರಲ್ಲಿ ಜೋಳ, ಒಂದರಲ್ಲಿ ತೊಗರಿ, ಉಳಿದವುಗಳಲ್ಲಿ ಕಡಲೆ, ಕುಸುಬಿ, ಹೆಸರು. ಕಣ್ಣು ಮಸೂರದಿಂದ ತೆಗೆಯದೆ ಬೆರಳಿಂದ ಕಾಳು ಹೆಕ್ಕಿ ತಟ್ಟೆಗೆ ಹಾಕುತ್ತ ಹೋಗುವನು, ಕೊನೆಗೆ ತಟ್ಟೆಯ ಕಾಳು ಬೇರ್ಪಡಿಸಿ ಎಣಿಸುವನು. "ನಮ್ಮ ಮನ್ಯಾಗ ಬ್ಯಾಳಿ ಇಲ್ಲದಿದ್ರೂ ದವಾಖಾನ್ಯಾಗ ಇರಬೇಕು," ಎಂದು ತಾಜುನ್ನಿಸಾ ಛೇಡಿಸುತ್ತಿದ್ದಳು.

ಇನ್ನೊಂದು ಅಭ್ಯಾಸವೂ ಇತ್ತು. ಬಿಳಿಕಣಗಳಲ್ಲಿ ಒಂದು ಜಾತಿಯದರ ನಡುವಿನ ಬೀಜ ಎರಡು ಮೂರು ತುಂಡಾಗಿ, ದಾರದಲ್ಲಿ ಪೋಣಿಸಿದ ಹಾಗೆ ಇರುತ್ತದೆ. ಹೆಣ್ಣಿನ ರಕ್ತವಾದರೆ ಅಂಥ ನೂರರಲ್ಲಿ ಎರಡೋ ಮೂರೋ ಕಣಗಳ ಬೀಜಕ್ಕೆ, ನಗಾರಿ ಬಾರಿಸುವ ಕೋಲಿನ ಆಕಾರದ ಒಂದು ಸಣ್ಣ ಮೊಳಕೆ ಅಂಟಿರುತ್ತದೆ. ಗಂಡಸಿನ ರಕ್ತದಲ್ಲಿ ಅದು ಇರುವುದಿಲ್ಲ. ಹೈದರಾಬಾದಿನ ಗುರುಗಳು ಹೇಳಿಕೊಟ್ಟಿದ್ದರು. ಕೆಲಸ ಕಡಿಮೆ ಇದ್ದ ದಿನ ದಸ್ತಗೀರ ಹೆಸರು ನೋಡದೆಯೇ ಗಾಜು ಇಟ್ಟು, "ಗಂಡಸು," "ಹೆಣ್ಣಮಗಳು," ಎಂದು ಹೇಳಿ ಆಮೇಲೆ ಚೀಟಿ ತಿರುಗಿಸುತ್ತಿದ್ದ. ಅದು ಅವನ ಆಟ.

ನಮ್ಮ ಕಡೆಯ ಹಳ್ಳಿಗಳಿಂದ ರೋಗಿಗಳು ಬರುತ್ತಿರಲಿಲ್ಲ, ಅವರ ರಕ್ತ ಬರುತ್ತಿತ್ತು. ಸೇಡಂ, ಚಿತ್ತಾಪುರ, ಶಹಾಬಾದಿನ ಸುತ್ತಿನ ಕಂಪೌಂಡರುಗಳು ಬೆರಳು ಚುಚ್ಚಿ, ಹನಿಯನ್ನು ಗಾಜಿನ ಮೇಲೆ ಹರಡಿ ಒಣಗಿಸಿ, ಹತ್ತಿಯಲ್ಲಿ ಸುತ್ತಿ ದೊಡ್ಡ ಕಡ್ಡಿಪೆಟ್ಟಿಗೆಯಲ್ಲಿಟ್ಟು, ವಾಡಿಗೆ ಹೊರಟ ಯಾರದಾದರೂ ಕೈಯಲ್ಲಿ ರೈಲಿಗೆ ಕೊಡುತ್ತಿದ್ದರು.

೧೯೬೭ರ ಕಾರ್ತೀಕದಲ್ಲಿ ಮಳಖೇಡದಿಂದ ಹಾಗೆ ಒಂದು ಗಾಜು ಬಂತು. ಭಾಗಮ್ಮ, ವಯಸ್ಸು ಹತ್ತೊಂಬತ್ತು, ಇಪ್ಪತ್ತು ದಿನದ ಬಾಣಂತಿ, ಕುತ್ತಿಗೆಯ ಒಂದು ಬದಿಗೆ ಒಡೆದು ಕೀವು ಸೋರುವ ಗಂಟು, ಸಂಜೆಗೆ ಜ್ವರ ಎಂದು ಬರೆದಿತ್ತು. ಗಾಜು ನೋಡಿದ ದಸ್ತಗೀರ ಕಾಳಿನ ಕಡೆ ಕೈ ಚಾಚಿ ಹಾಗೇ ನಿಲ್ಲಿಸಿದ. ಕೆಂಪುಕಣಗಳ ನಡುವೆ ಹುಡುಕಿ ಹುಡುಕಿ ಕಾಣಬೇಕಾದ ಬಿಳಿಕಣಗಳು ಸಂತೆಯ ಜನದಂತೆ ಕಿಕ್ಕಿರಿದಿದ್ದವು. ಬಲಿಯುವ ಮೊದಲೇ ರಕ್ತಕ್ಕೆ ಇಳಿದ ಎಳೆಯ ಕಣಗಳು ಬೇರೆ. ಅವಕ್ಕೆ ಅವನ ಬಟ್ಟಲುಗಳಲ್ಲಿ ಕಾಳೇ ಇರಲಿಲ್ಲ. ಡಾಕ್ಟರರೂ ಬಂದು ನೋಡಿದರು. ಲ್ಯುಕೇಮಿಯಾ, ಕುತ್ತಿಗೆಯ ಗಂಟೂ ಅದರದೇ, ಮಾಡುವಂಥದ್ದು ಏನೂ ಇಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಲಿ ಎಂದು ಕಂಪೌಂಡರನಿಗೆ ಪತ್ರ ಹೋಯಿತು.

ಹತ್ತು ಹನ್ನೆರಡು ದಿನ ದಸ್ತಗೀರ ಚಹಾಕ್ಕೆ ಬರಲಿಲ್ಲ. ಒಂದು ದಿನ ನಾನೇ ಹೋದೆ. ಅದೇ ಗಾಜನ್ನು ಇಟ್ಟುಕೊಂಡು ಕೂತಿದ್ದ. ಅಷ್ಟೊಂದು ಕೆಟ್ಟ ರಕ್ತದವಳ ಗಂಟು ಒಂದೇ ಬದಿಗೆ ಯಾಕಿದೆ, ಅದು ಒಡೆದು ಕೀವು ಸೋರುತ್ತಿದೆ ಎಂದು ಕಂಪೌಂಡರ ಯಾಕೆ ಬರೆದಿದ್ದಾನೆ ಎಂಬುದು ಅವನಿಗೆ ಬಗೆಹರಿದಿರಲಿಲ್ಲ. ತಲೆ ಎತ್ತದೆ ಹೇಳಿದ:

"ಮಾಸ್ತರ, ಐನೂರು ಕಣ ನೋಡೀನಿ. ಒಂದಕ್ಕೂ ಮೊಳಕಿ ಇಲ್ಲ."

"ಅಂದ್ರ?"

"ಅಂದ್ರ ಇದು ಗಂಡಸಿನ ರಕ್ತ."

ಡಾಕ್ಟರ್ ಶಹಾಬುದ್ದೀನರು ಮೊದಲು ನಂಬಲಿಲ್ಲ. "ಒಂದು ಮೊಳಕಿ ಕಾಣಲಿಲ್ಲ ಅಂತ ನಾ ಬರದಿದ್ದು ಸುಳ್ಳು ಅಂತೀಯೇನು ದಸ್ತಗೀರ?"

"ನೀವು ಬರದಿದ್ದು ಸುಳ್ಳಲ್ರಿ ಡಾಕ್ಟರ್ ಸಾಬ್. ಗಾಜಿನ ಮ್ಯಾಲಿನ ಹೆಸರು ಸುಳ್ಳು."

ಡಾಕ್ಟರರು, ಹಾಗಾದರೆ ಅವಳ ರಕ್ತವನ್ನೇ ತಾ ಎಂದರು. ಕಂಪೌಂಡರನನ್ನು ಕೇಳಿದರೆ, ಬಾಣಂತಿಯ ಕೋಣೆಯೊಳಗೆ ಹೊರಗಿನ ಗಂಡಸರನ್ನು ಬಿಡುವುದಿಲ್ಲ, ಸೂಜಿ ಮತ್ತು ಗಾಜು ಒಳಗೆ ಕೊಟ್ಟಿದ್ದೆ, ಅವರು ಹನಿ ತಂದು ಕೊಟ್ಟರು, ಹರಡಿದೆ ಎಂದ. ಅದಕ್ಕೆ ದಸ್ತಗೀರ ಭಾನುವಾರ ತಾಜುನ್ನಿಸಾಳನ್ನು ಕರೆದುಕೊಂಡು ಹೊರಟ. ಮಾತಾಡಲು ಒಬ್ಬರಿರಲಿ ಎಂದು ನನ್ನನ್ನೂ ಎಳೆದುಕೊಂಡ.

ಸೇಡಂ ಕಡೆಯ ಪ್ಯಾಸೆಂಜರಿನಲ್ಲಿ ಕೂತ ಮೇಲೆ ಅವನು ಸೂಜಿ ತೆಗೆದು ಹೆಂಡತಿಯ ಕೈಗೆ ಕೊಟ್ಟ. "ಮಾಸ್ತರ, ಬೆರಳ ಕೊಡ್ರಿ."

"ನಂದ್ಯಾಕೋ?"

"ಅಕಿ ಕಲೀಬೇಕಲ್ರಿ. ನನ್ನ ಬೆರಳಿಗೆ ಚುಚ್ಚಂದ್ರ ನಮ್ಮ ಮದುವಿ ಆದಾಗಿಂದ ಎಲ್ಲಾ ಸಿಟ್ಟೂ ಸೇರಿಸಿ ಚುಚ್ಚತಾಳ."

ಚಿತ್ತಾಪುರ ಬರುವುದರೊಳಗೆ ತಾಜುನ್ನಿಸಾ ನನ್ನ ಮೂರು ಬೆರಳಿಗೆ ಚುಚ್ಚಿದ್ದಳು. ಎದುರಿಗೆ ಕೂತ ಮುದುಕನೊಬ್ಬ, "ಏನ್ ಕಾಯಿಲೆರೀ ಇವರಿಗೆ?" ಎಂದು ಕೇಳಿದ. "ಭಾಳ ಓದ್ಯಾರ," ಎಂದ ದಸ್ತಗೀರ.

ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಇಳಿದೆವು. ಮಳಖೇಡದಲ್ಲಿ ಭಾಗಮ್ಮನ ತವರುಮನೆ ಕಾಗಿಣಾ ಹೊಳೆಯ ದಾರಿಯಲ್ಲಿತ್ತು. ತಾಯಿ, ಅಣ್ಣ, ಬಾಣಂತನಕ್ಕೆ ಬಂದ ಮಗಳು, ಅವಳ ಕೂಸು, ಇಷ್ಟೇ ಜನ. ಅಣ್ಣ ಮಾಣಿಕಪ್ಪ ಕಲ್ಲಿನ ಗಣಿಯಲ್ಲಿ ಪರಸಿ ಎಬ್ಬಿಸುವವನು, ಮೂವತ್ತರ ಆಸುಪಾಸಿನ ಎತ್ತರದ ಆಳು. ಕಟ್ಟೆಯ ಮೇಲೆ ಕಂಬಳಿ ಹಾಸಿದ. "ಬರ್ರಿ, ಕುಂದ್ರಿ. ಇನ್ನೇನ್ ನೋಡ್ತೀರ್ರಿ? ಆಗ್ಲೇ ಹೇಳಿ ಕಳಿಸೀರಲ್ಲ," ಎಂದ. ಅತ್ತು ಅತ್ತು ಅವನ ದನಿ ಕೂತಿತ್ತು. ತಾಯಿ ಬಾಗಿಲಿಗೆ ಅಡ್ಡ ನಿಂತಿದ್ದಳು. ತಾಜುನ್ನಿಸಾ ಕಾಲು ತೊಳೆದುಕೊಂಡು, "ನಾನೂ ನಾಕ ಹೆತ್ತಾಕಿ ಅವ್ವಾ. ಬಾಣಂತಿಗೆ ನೋವು ಮಾಡೂದಿಲ್ಲ, ಬಿಡ್ರಿ," ಎಂದು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಒಳಗಿಂದಲೇ ಅವಳ ದನಿ ಕೇಳಿತು: "ಅಜೀ! ಇಕಿ ಬೆರಳಿಗೆ ಸೂಜಿ ಹತ್ತಿದ್ದು ಇದೇ ಮೊದಲಂತ!"

ಕಟ್ಟೆಯ ಮೇಲೆ ಮಾಣಿಕಪ್ಪ ತನ್ನ ಎಡಗೈ ನೋಡಿಕೊಂಡ.

"ನಾನೇ ಚುಚ್ಚಿಕೊಂಡೀನ್ರಿ," ಎಂದ. "ಹಸಿ ಬಾಣಂತಿ. ಹೆರಿಗ್ಯಾಗ ರಕ್ತ ಭಾಳ ಹೋಗಿತ್ತು. ಮತ್ತ ಅಕೀದೇ ತೆಗೀಬೇಕೇನಂತ... ಒಂದೇ ತಾಯಿ ಮಕ್ಕಳಲ್ಲೇನ್ರಿ? ಒಂದೇ ರಕ್ತ ಅಂತ ತಿಳಕೊಂಡೆ. ತಪ್ಪಾತೇನ್ರಿ?"

ದಸ್ತಗೀರ ಅವನ ಮುಖವನ್ನೇ ನೋಡುತ್ತಿದ್ದ. "ಎಡಗಡೆ ಪಕ್ಕಡಿ ಕೆಳಗ ಭಾರ ಅನಸ್ತದೇನು?" ಎಂದು ಮೆಲ್ಲಗೆ ಕೇಳಿದ. ಆ ರೋಗದಲ್ಲಿ ಎಡಪಕ್ಕೆಯ ಕೆಳಗಿನ ಗುಲ್ಮ ಊದಿಕೊಳ್ಳುತ್ತದೆ.

"ಅನಸ್ತದ್ರಿ. ವರ್ಷ ಆತು. ಕಲ್ಲು ಎತ್ತಿ ಎತ್ತಿ ಹಂಗಾಗ್ಯದ. ನಿಮಗ್ಯಾರು ಹೇಳಿದ್ರು?"

ಅವತ್ತು ನಾವು ಎರಡು ಗಾಜುಗಳನ್ನು ತಂದೆವು, ಒಂದು ತಂಗಿಯದು, ಒಂದು ಅಣ್ಣನದು.

ಮೂರನೆಯ ದಿನ ಮಾಣಿಕಪ್ಪ ತಾನೇ ವಾಡಿಗೆ ಬಂದ. ಡಾಕ್ಟರರು ಹೇಳುತ್ತೇನೆಂದರು. ದಸ್ತಗೀರ, "ಗಾಜು ನಂದ್ರಿ, ನಾ ಹೇಳ್ತೀನಿ," ಎಂದು ಅವನನ್ನು ಹಿಂದಿನ ಕೋಣೆಗೆ ಕರೆದೊಯ್ದ. ನಾನು ಬಾಗಿಲಲ್ಲಿದ್ದೆ.

"ತಂಗಿ ರಕ್ತ ಛಲೋ ಅದ. ಗಂಟು ಕ್ಷಯದ್ದು, ಹರಳುಗಂಟು. ಸೂಜಿ, ಗುಳಿಗಿ ತೊಗೋಬೇಕು, ಒಂದೂವರಿ ವರ್ಷ. ಒಂದಿನ ಬಿಡಬಾರದು."

"ಬದುಕ್ತಾಳೇನ್ರಿ?"

"ಬದುಕ್ತಾಳ. ಮಮ್ಮಕ್ಕಳನ್ನ ಆಡಸ್ತಾಳ."

ಮಾಣಿಕಪ್ಪ ನೆಲದ ಮೇಲೆ ಕೂತುಬಿಟ್ಟ. ನಗುತ್ತಿದ್ದ, ಕಣ್ಣೀರೂ ಬರುತ್ತಿತ್ತು. ದಸ್ತಗೀರ ಅವನು ನಗುವಷ್ಟು ಹೊತ್ತು ಕಾದ. ಆಮೇಲೆ ಅವನೂ ನೆಲದ ಮೇಲೆ ಕೂತ.

"ಮತ್ತ ಆ ಕೆಟ್ಟ ರಕ್ತ..." ಎಂದ ಮಾಣಿಕಪ್ಪ ತಾನಾಗಿಯೇ.

"ಅದು ನಿಂದು."

ಹೊರಗೆ ಗೂಡ್ಸ್ ಗಾಡಿಯೊಂದು ಬಹಳ ಹೊತ್ತು ದಾಟಿತು. ಅದು ದಾಟಿದ ಮೇಲೆ ಮಾಣಿಕಪ್ಪ, "ಹಂಗಾದ್ರ ನಾ ಚುಚ್ಚಿಕೊಂಡಿದ್ದು ಛಲೋನೇ ಆತು ಬಿಡ್ರಿ. ಇಲ್ಲಾಂದ್ರ ಗೊತ್ತೇ ಆಗ್ತಿದ್ದಿಲ್ಲ," ಎಂದ. ಆಮೇಲೆ ಕೇಳಿದ, "ಕನ್ನಡದಾಗ ಬರದು ಕೊಡ್ರಿ. ನನಗ ಓದಾಕ ಬರ್ತದ."

ದಸ್ತಗೀರ ನನ್ನ ಕಡೆ ನೋಡಿದ. ನನ್ನ ಹತ್ತಿರ ಶಬ್ದವಿರಲಿಲ್ಲ. ಅವನೇ ಯೋಚಿಸಿ ಬರೆದ: 'ಬಿಳಿಕಣಗಳು ಬಲಿಯುವ ಮೊದಲೇ ಹುಟ್ಟಿ ಹುಟ್ಟಿ ತುಂಬಿಕೊಂಡಿವೆ. ಗುಳಿಗೆಯಿಂದ ಕಡಿಮೆ ಮಾಡಬಹುದು. ಪೂರಾ ಹೋಗುವುದಿಲ್ಲ.' ಅದಕ್ಕಿಂತ ಸರಿಯಾದ ಕನ್ನಡವನ್ನು ನಾನು ಇಂದಿಗೂ ಮಾಡಲಾರೆ.

ಗುಳಿಗೆ ಹೈದರಾಬಾದಿನಿಂದ ಬರುತ್ತಿತ್ತು. ಮಾಣಿಕಪ್ಪ ನಾಲ್ಕು ವರ್ಷ ನಾಲ್ಕು ತಿಂಗಳು ಬದುಕಿದ. ತಿಂಗಳಿಗೊಮ್ಮೆ ವಾಡಿಗೆ ಬಂದು ಬೆರಳು ಚಾಚಿ, "ನಂದೇ ಬೆರಳು ಹೌದಿಲ್ಲೋ ನೋಡ್ಕೋರಿ," ಎಂದು ದಸ್ತಗೀರನನ್ನು ಕೆಣಕುತ್ತಿದ್ದ. ದಸ್ತಗೀರ, "ನಿನ್ನ ನಂಬಾಕಾಗೂದಿಲ್ಲಪ್ಪ, ಸಾಕ್ಷಿ ತೋರ್ಸು," ಎನ್ನುತ್ತಿದ್ದ. ಬಿಳಿಕಣ ಇಳಿದ ತಿಂಗಳು ಇಬ್ಬರೂ ಚಹಾ ಕುಡಿಯುತ್ತಿದ್ದರು, ಏರಿದ ತಿಂಗಳೂ ಕುಡಿಯುತ್ತಿದ್ದರು. ೧೯೭೨ರ ಹೋಳಿ ಹುಣ್ಣಿಮೆಯ ಮಾರನೇ ದಿನ ಅವನು ತೀರಿಕೊಂಡ. ದಸ್ತಗೀರ ಮಣ್ಣಿಗೆ ಹೋಗಿ ಬಂದು ಎರಡು ದಿನ ಸೂಕ್ಷ್ಮದರ್ಶಕದ ಮೇಲಿನ ಬಟ್ಟೆ ತೆಗೆಯಲಿಲ್ಲ.

ಭಾಗಮ್ಮ ಗುಣವಾಗಿ ಗಂಡನ ಮನೆ ಆಡಕಿಯಲ್ಲಿದ್ದಳು. ಕುತ್ತಿಗೆಯಲ್ಲಿ ಬರೀ ಕಲೆ ಉಳಿದಿತ್ತು. ಆದರೆ ತಂಗಿಯ ಹೆಸರಿನಲ್ಲಿ ರಕ್ತ ಕೊಟ್ಟು ತಂಗಿಯ ಜಡ್ಡನ್ನು ಅಣ್ಣ ತೆಗೆದುಕೊಂಡ ಎಂಬ ಮಾತು ಊರಲ್ಲಿ ಹುಟ್ಟಿತ್ತು. ಹೊಗಳಿಕೆಯಾಗಿಯೇ ಆಡುತ್ತಿದ್ದರು. ಅವಳಿಗೆ ಅದು ಬೇರೆ ಥರ ಕೇಳಿಸಿತು. ಅಣ್ಣ ಸತ್ತ ಮೇಲೆ ಅವಳು ತವರಿನ ಹೊಸ್ತಿಲು ತುಳಿಯಲಿಲ್ಲ. ಆ ವರ್ಷ ನಾಗರಪಂಚಮಿಗೆ ತಾಯಿ ಹೇಳಿ ಕಳಿಸಿದರೂ ಬರಲಿಲ್ಲ. ಮಗನೂ ಇಲ್ಲ, ಮಗಳೂ ಇಲ್ಲ ಎಂದು ತಾಯಿ ಕಂಪೌಂಡರನ ಮುಂದೆ ಅತ್ತಳಂತೆ. ಸುದ್ದಿ ಕಡ್ಡಿಪೆಟ್ಟಿಗೆಗಳ ಜೊತೆ ವಾಡಿಗೆ ಬಂತು.

ಮುಂದಿನ ವರ್ಷ ಪಂಚಮಿ ಇನ್ನೊಂದು ವಾರವಿದ್ದಾಗ ದಸ್ತಗೀರ ಒಂದು ಸುಳ್ಳು ಹೇಳಿ ಕಳಿಸಿದ. ಕೆಲಸದಲ್ಲಿ ಅವನು ಹೇಳಿದ ಒಂದೇ ಸುಳ್ಳು ಇರಬೇಕು: ರಕ್ತ ಮತ್ತೊಮ್ಮೆ ನೋಡಬೇಕು, ಭಾಗಮ್ಮ ಖುದ್ದು ಬರಬೇಕು. ಅವಳು ಆರು ವರ್ಷದ ಮಗಳನ್ನು ಕರೆದುಕೊಂಡು ಹೆದರಿ ಬಂದಳು. ದಸ್ತಗೀರ ಅವಳನ್ನು ತನ್ನ ಸ್ಟೂಲಿನ ಮೇಲೆ ಕೂರಿಸಿದ. ಇಪ್ಪತ್ತೇಳು ವರ್ಷದಲ್ಲಿ ಆ ಸ್ಟೂಲಿನ ಮೇಲೆ ಬೇರೆಯವರು ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಒಂದು ಕಣ್ಣ ಮುಚ್ಚಿ ನೋಡವ್ವ. ಇದು ನಿಂದು, ನಮ್ಮ ಮನ್ಯಾಕಿ ಚುಚ್ಚಿ ತೆಗದಿದ್ದು. ಬಣ್ಣ ಹಾಕಿದ ಬಿಳಿಕಣ ನೀಲಿ ಚುಕ್ಕಿ ಹಂಗ ಅಲ್ಲೊಂದು ಇಲ್ಲೊಂದು ಅವ. ಕಂಡ್ವು?"

"ಹ್ಞೂಂ ರಿ."

ಗಾಜು ಬದಲಿಸಿದ. "ಈಗ ನೋಡು."

"ಅಯ್ಯ, ಭಾಳ ಅವ ಅಲ್ರೀ! ಇದ್ಯಾರ್ದು?"

"ನಿಮ್ಮಣ್ಣಂದು. ನಿನ್ನ ಹೆಸರಿಲೆ ಚುಚ್ಚಿಕೊಂಡನಲ್ಲ, ಅದೇ ಮೊದಲನೇ ಹನಿ. ಅದರಾಗೇ ಇಷ್ಟು ಅವ. ಇಷ್ಟು ತುಂಬಬೇಕಾದ್ರ ವರ್ಷಗಟ್ಟಲೆ ಬೇಕು. ನಿನ್ನ ಮದುವಿ ಹೊತ್ತಿಗೇ ಅವನ ಹೊಟ್ಯಾಗ ಇದ್ದಿರಬೇಕು. ನಿಂದು ಅಂವ ತೊಗೊಂಡಿಲ್ಲ."

ಅವಳು ಕಣ್ಣು ತೆಗೆಯಲಿಲ್ಲ. "ಅವತ್ತ ಅವಗ ಗೊತ್ತಿತ್ತೇನ್ರಿ?"

"ಇಲ್ಲ. ಯಾರಿಗೂ ಗೊತ್ತಿದ್ದಿಲ್ಲ. ನಿನಗ ನೋವಾಗಬಾರದು ಅಂತ ಚುಚ್ಚಿಕೊಂಡ, ಅದಕ್ಕೇ ಅಂವಂದು ಗೊತ್ತಾತು. ಗುಳಿಗಿ ಸಿಕ್ಕು ನಾಕ ವರ್ಷ ಇದ್ದ. ಇಲ್ಲಾಂದ್ರ ಎರಡೂ ದಾಟ್ತಿದ್ದಿಲ್ಲೇನೋ."

ಮಗಳು ತಾನೂ ನೋಡುತ್ತೇನೆಂದು ಸೆರಗು ಎಳೆಯುತ್ತಿದ್ದಳು. ಭಾಗಮ್ಮ ಅವಳನ್ನು ಎತ್ತಿ ಹಿಡಿದು, "ನೋಡು, ಮಾವಂದು," ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ತಾಜುನ್ನಿಸಾ ತಂದುಕೊಟ್ಟ ಚಹಾ ಕುಡಿದಳು. ದಸ್ತಗೀರನಿಗೆ ತಾನು ಹೇಳಿದ್ದು ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ.

ಮಧ್ಯಾಹ್ನದ ಗಾಡಿಗೆ ಬಿಟ್ಟುಬರಲು ನಾವಿಬ್ಬರೂ ಸ್ಟೇಷನ್ನಿಗೆ ಹೋದೆವು. ಆಡಕಿಗೆ ಹೋಗುವವರು ಸೇಡಂನಲ್ಲಿ ಇಳಿಯಬೇಕು. ದಸ್ತಗೀರ ಕಿಂಡಿಯೊಳಗೆ ತಲೆ ಹಾಕಿ, "ಸೇಡಂ ಒಂದು, ಒಂದು ಅರ್ಧ," ಎಂದ. ಹಿಂದಿನಿಂದ ಭಾಗಮ್ಮ, "ಬ್ಯಾಡ್ರಿ ಅಣ್ಣಾ. ಮಳಖೇಡ ರೋಡಿಗೆ ತೊಗೋರಿ. ನಾಡದು ಪಂಚಮಿ ಅದ, ಅವ್ವ ಒಬ್ಬಾಕೇ ಅದಾಳ," ಎಂದಳು.

ದಸ್ತಗೀರ "ಮಳಖೇಡ ರೋಡ್!" ಎಂದು ಎಷ್ಟು ಜೋರಾಗಿ ಕೂಗಿದನೆಂದರೆ ಒಳಗಿದ್ದ ಬಾಬು, "ನನಗ ಕಿವಿ ಅದಾವ್ರೀ ದಸ್ತಗೀರ ಸಾಬ್," ಎಂದ.

ಗಾಡಿ ಹೋದ ಮೇಲೆ ಚಹಾ ಕುಡಿಯೋಣ ಬಾ ಎಂದೆ. "ಇನ್ನೂ ನಾಕ ಗಾಜು ಉಳದಾವ ಮಾಸ್ತರ, ಬೆಳಕು ಹೋಗ್ತದ," ಎಂದು ಅವನು ಹಳಿ ದಾಟಿ ದವಾಖಾನೆಯ ಕಡೆ ಬಿರಬಿರನೆ ನಡೆದುಬಿಟ್ಟ.